ನೆಗೆಣ್ಣಿಯ ಸಮುದ್ರ

ಹೊನ್ನವ್ವ ಸಮುದ್ರವನ್ನು ನೋಡಿದವಳಲ್ಲ. ಹಿರೇಕೆರೂರಿನಲ್ಲಿ ಬೆಳಿಗ್ಗೆ ಬಸ್ಸು ಹತ್ತಿ ಪಶ್ಚಿಮಕ್ಕೆ ಹೊರಟರೆ ಹೊತ್ತು ಮುಳುಗುವುದರೊಳಗೆ ಸಿಗುವ ನೀರು ಅದು. ಆದರೆ ಆ ಕಡೆ ಹೋಗುವ ಪ್ರಸಂಗ ಆಕೆಗೆ ಬಂದಿರಲಿಲ್ಲ. ಹಾಗಿದ್ದೂ ಸಮುದ್ರದ ಹೆಸರು ತೆಗೆದರೆ ಆಕೆಗೆ ಆಗುತ್ತಿರಲಿಲ್ಲ. ಎಂದೂ ಕಾಣದ ನೀರಿನ ಮೇಲೆ ಒಬ್ಬ ಹೆಂಗಸಿಗೆ ಹೊಟ್ಟೆಕಿಚ್ಚು ಹೇಗೆ ಬಂತು ಎಂದು ಓಣಿಯವರು ನಗುತ್ತಿದ್ದರು. ಕಿಚ್ಚು ನೀರಿನ ಮೇಲಿನದಾಗಿರಲಿಲ್ಲ, ಅದನ್ನು ಮನೆಯೊಳಗೆ ತಂದವಳ ಮೇಲಿನದಾಗಿತ್ತು.

ತಂದವಳು ಹೊನ್ನವ್ವನ ನೆಗೆಣ್ಣಿ ಸರೋಜವ್ವ, ಮೈದುನ ಕುಬೇರಪ್ಪನ ಹೆಂಡತಿ. ಎಪ್ಪತ್ತೊಂದರಲ್ಲಿ ಅವಳು ಈ ಮನೆಗೆ ಸೊಸೆಯಾಗಿ ಬಂದಾಗ ಹೊನ್ನವ್ವ ಬಂದು ಆರೇಳು ವರ್ಷವಾಗಿದ್ದ ಹಿರಿಸೊಸೆ. ಒಲೆ, ಹಿತ್ತಲು, ದನದ ಕೊಟ್ಟಿಗೆ ಎಲ್ಲ ಆಕೆಯ ಕೈಯಲ್ಲಿದ್ದವು. ಮಗಳು ನೀಲಗಂಗಾ, ಮನೆಯವರ ಬಾಯಲ್ಲಿ ನೀಲಾ, ಆಗ ಐದು ವರ್ಷದವಳು. ಸರೋಜವ್ವನ ಹಿರಿಯರು ಇದೇ ಸೀಮೆಯವರಾದರೂ ಅವಳ ಅಪ್ಪ ಶಂಕ್ರಪ್ಪ ಕುಮಟೆಯ ಆಚೆ ತದಡಿ ಬದಿಯಲ್ಲಿ ಉಪ್ಪು ಬೆಳೆಯುವ ಉಪ್ಪಿನಾಗರದಲ್ಲಿ ಕಾವಲುಗಾರನಾಗಿದ್ದ. ಅವಳು ಹುಟ್ಟಿ ದೊಡ್ಡವಳಾದದ್ದು ಅಲ್ಲೇ. ಅಪ್ಪನ ಕೆಲಸ ಮುಗಿದ ಮೇಲೆ ಅವರು ಘಟ್ಟ ಹತ್ತಿ ಬಂದರು. ಅವಳ ಜೊತೆ ಬಂದ ಟ್ರಂಕಿನ ಚಿಲಕ ತುಕ್ಕು ಹಿಡಿದು ಕೆಂಪಾಗಿತ್ತು.

“ಇದೇನಿದು, ಹೊಸಾ ಸೊಸಿ ಹಳೇ ಟ್ರಂಕು?” ಎಂದು ಹೊನ್ನವ್ವ ಮೊದಲ ದಿನವೇ ಕೇಳಿದಳು.

“ಅಲ್ಲಿ ಎಲ್ಲಾದಕ್ಕೂ ತುಕ್ಕು ಹಿಡೀತೈತಿ ಅಕ್ಕಾ. ಗಾಳ್ಯಾಗ ಉಪ್ಪು ಇರತೈತಿ. ಅಪ್ಪಂದು ಕೀಲಿಕೈ ವರ್ಷಕ್ಕೊಮ್ಮೆ ಮುರೀತಿತ್ತು.”

ಗಾಳಿಯಲ್ಲಿ ಉಪ್ಪು ಇರುತ್ತದೆ ಎಂಬ ಮಾತಿಗೆ ಪಡಸಾಲೆಯಲ್ಲಿ ಕೂತಿದ್ದವರೆಲ್ಲ ತಿರುಗಿ ನೋಡಿದರು. ಹೊನ್ನವ್ವನ ಗಂಡ ಉಳವಪ್ಪ ಕೂಡ ಎಲೆ ಅಡಿಕೆ ಹಾಕುವುದನ್ನು ನಿಲ್ಲಿಸಿದ. ನೀಲಾ ಟ್ರಂಕಿನ ಚಿಲಕವನ್ನು ನಾಲಿಗೆಯಿಂದ ಮುಟ್ಟಿ ನೋಡಿದಳು.

ಅಲ್ಲಿಂದ ಶುರುವಾಯಿತು. ಸರೋಜವ್ವ ಹೆಚ್ಚು ಮಾತಿನವಳಲ್ಲ, ಬಡಿವಾರದವಳೂ ಅಲ್ಲ. ಆದರೆ ತದಡಿಯ ಮಾತು ಬಂದರೆ ಅವಳ ಕೈ ಕೆಲಸ ಮಾಡುತ್ತಲೇ ಇರುತ್ತಿತ್ತು, ಬಾಯಿ ಬೇರೆ ಊರಿನಲ್ಲಿರುತ್ತಿತ್ತು. ದೊಡ್ಡ ಸಂಗತಿಗಳನ್ನೇನೂ ಅವಳು ಹೇಳುತ್ತಿರಲಿಲ್ಲ. ನೀರು ದಿನಕ್ಕೆ ಎರಡು ಸಲ ಏರಿ ಎರಡು ಸಲ ಇಳಿಯುವುದು. ಇಳಿದಾಗ ಮೈಲುಗಟ್ಟಲೆ ಕೆಸರು ತೆರೆದುಕೊಂಡು, ಹೆಂಗಸರು ಸೀರೆ ಮೇಲೆತ್ತಿ ಕಟ್ಟಿ ಅಂಗಾಲಿನಿಂದಲೇ ಚಿಪ್ಪು ಹುಡುಕುವುದು. ಏಡಿಯ ತೂತಿಗೆ ಕಡ್ಡಿ ಹಾಕಿ ಅದು ಹೊರಗೆ ಬರುವವರೆಗೆ ಉಸಿರು ಹಿಡಿದು ಕೂರುವುದು. ಬೇಸಗೆಯಲ್ಲಿ ಆಗರದ ತುಂಬ ಉಪ್ಪಿನ ಗುಡ್ಡೆಗಳು, ಮಳೆಗೆ ಮುಂಚೆ ಅವಕ್ಕೆ ತೆಂಗಿನ ಗರಿಯ ಮಾಡು. ದೂರದಿಂದ ನೋಡಿದರೆ ಬಿಳಿ ದನಗಳು ಕಂಬಳಿ ಹೊದ್ದು ಮಲಗಿದ ಹಾಗೆ. ಸಮುದ್ರ ಸೇರುವ ಹೊಳೆಯ ಈ ದಂಡೆಯಲ್ಲಿ ನಿಂತು ಕೂಗಿದರೆ ಆ ದಂಡೆಯ ದೋಣಿಯವನು ದನಿಯಿಂದಲೇ ಯಾರ ಮನೆಯ ಮಕ್ಕಳೆಂದು ಗುರುತಿಸುತ್ತಿದ್ದ. ಮಳೆಗಾಲದಲ್ಲಿ ಬಟ್ಟೆ ಒಣಗುತ್ತಲೇ ಇರಲಿಲ್ಲ. ಒಲೆಯ ಮೇಲೆ ಹಗ್ಗ ಕಟ್ಟಿ ಒಣಗಿಸಿದ ಲಂಗ ಹಾಕಿಕೊಂಡು ಶಾಲೆಗೆ ಹೋದರೆ ಇಡೀ ಕ್ಲಾಸಿಗೆ ಹೊಗೆಯ ವಾಸನೆ.

ಕೇಳುವವರು ಕೇಳುತ್ತಲೇ ಇರುತ್ತಿದ್ದರು. ಸರೋಜವ್ವನಿಗೆ ಹುಟ್ಟಿದ ಇಬ್ಬರು ಗಂಡುಮಕ್ಕಳಿಗೆ ಮಾತ್ರ ಇದರಲ್ಲಿ ರುಚಿಯಿರಲಿಲ್ಲ, ಎರಡು ಮಾತಿಗೆ ಎದ್ದು ಓಡುತ್ತಿದ್ದರು. ಕೂರುತ್ತಿದ್ದವಳು ನೀಲಾ.

ಎಪ್ಪತ್ತರ ದಶಕದ ನಡುವೆ ಆ ಸೀಮೆಯಲ್ಲಿ ಹತ್ತಿ ಬೀಜದ ಕೆಲಸ ಬಂತು. ಉಳವಪ್ಪನೂ ಅರ್ಧ ಎಕರೆಯನ್ನು ಬೀಜಕ್ಕೆಂದು ಬಿಟ್ಟ. ಅದು ಹೆಂಗಸರ ಕೈಕೆಲಸ. ಮರುದಿನ ಅರಳಲಿರುವ ಮೊಗ್ಗನ್ನು ಮಧ್ಯಾಹ್ನವೇ ಗುರುತಿಸಿ, ಹೆಬ್ಬೆರಳ ಉಗುರಿನಿಂದ ಎಸಳು ಕೇಸರಗಳನ್ನು ಸುಲಿದು, ಒಳಗಿನ ಹೆಣ್ಣು ಭಾಗ ಒಂದನ್ನೇ ಉಳಿಸಬೇಕು. ಬೆಳಿಗ್ಗೆ ಬಂದು ಬೇರೆ ತಳಿಯ ಹೂವಿನ ಪುಡಿಯನ್ನು ಅದಕ್ಕೆ ಮುಟ್ಟಿಸಬೇಕು. ಇದಕ್ಕೆ ಎಲ್ಲರೂ ಕ್ರಾಸಿಂಗ್ ಎನ್ನುತ್ತಿದ್ದರು. ಕಣ್ಣು ಮೊಗ್ಗಿನ ಮೇಲೆ, ಕೈ ಮೊಗ್ಗಿನ ಮೇಲೆ, ಕಿವಿ ಮಾತ್ರ ಖಾಲಿ. ಆ ಖಾಲಿ ಕಿವಿಗಳಿಗೆ ಸರೋಜವ್ವ ಸಿಕ್ಕಳು. ಶಾಲೆ ಬಿಟ್ಟ ಮೇಲೆ ನೀಲಾ ಹೊಲಕ್ಕೆ ಬಂದರೆ ಅವ್ವನ ಸಾಲನ್ನು ದಾಟಿ ಚಿಗವ್ವ ಸರೋಜವ್ವನ ಸಾಲಿಗೆ ಹೋಗುತ್ತಿದ್ದಳು.

ಒಂದು ಮಧ್ಯಾಹ್ನ ಹೊನ್ನವ್ವ ತಾನೂ ಹೇಳಿ ನೋಡೋಣ ಎಂದುಕೊಂಡಳು. ಆಕೆಯ ತವರು ಸವಣೂರು. ಅಪ್ಪ ವೀಳ್ಯದೆಲೆಯ ತೋಟದಲ್ಲಿ ದುಡಿಯುತ್ತಿದ್ದ.

“ನಾವು ಸಣ್ಣಾವ್ರಿದ್ದಾಗ ಎಲಿ ತ್ವಾಟಕ್ಕ ಹೋಗತಿದ್ವಿ,” ಎಂದಳು. “ಒಳಗ ಹೊಕ್ಕರ ತಂಪಂದ್ರ ತಂಪು. ಬ್ಯಾಸಗ್ಯಾಗೂ ಮಬ್ಬು ಇರತಿತ್ತು.”

ಎಲ್ಲರೂ ಕಾದರು. ಸರೋಜವ್ವ ಮೊಗ್ಗು ಸುಲಿಯುತ್ತ, ನಿಜವಾಗಿ ಕೇಳುವ ಆಸೆಯಿಂದಲೇ, “ಆಮ್ಯಾಲ ಅಕ್ಕಾ?” ಎಂದಳು.

“ಆಮ್ಯಾಲೇನು, ಎಲಿ ಕೊಯ್ದು ಕಟ್ಟಿ ಸಂತಿಗೆ ಒಯ್ಯತಿದ್ರು.”

ಅಲ್ಲಿಗೆ ಸವಣೂರು ಮುಗಿಯಿತು. ಪಕ್ಕದ ಸಾಲಿನ ಮಾಬೂಬಿ, ಓಣಿಯ ನೆರೆಯವಳು, ಒಳಗೊಳಗೇ ನಕ್ಕಳು. ನೀಲಾ ಚಿಗವ್ವನ ಸೆರಗು ಎಳೆದು, ದೋಣಿಯವನ ಮಾತು ಅರ್ಧಕ್ಕೆ ನಿಂತಿತ್ತು ಎಂದು ನೆನಪಿಸಿದಳು. ಹೊನ್ನವ್ವ ಸುಲಿದ ಮೊಗ್ಗುಗಳಲ್ಲಿ ಬಹಳಷ್ಟು ಆ ದಿನ ಮುರಿದಿದ್ದವು.

ಮುಂದಿನದು ಇದಕ್ಕಿಂತ ಕೆಟ್ಟದ್ದು. ನೀಲಾಗೆ ಹತ್ತು ವರ್ಷವಿದ್ದಾಗ, ಮಾಬೂಬಿಯ ಹೆಣ್ಣುಮಕ್ಕಳನ್ನು ಕಟ್ಟೆಯ ಮೇಲೆ ಕೂರಿಸಿಕೊಂಡು ಅವಳು ಏನೋ ಹೇಳುತ್ತಿದ್ದಳು. ಹೊನ್ನವ್ವ ಒಳಗೆ ಹಿಟ್ಟು ಜರಡಿ ಹಿಡಿಯುತ್ತಿದ್ದಳು.

“ನೀರು ಇಳದ ಮ್ಯಾಲ ನಾವು ಕೆಸರಾಗ ಇಳಿಯತಿದ್ವಿ. ಕಾಲಾಗ ಚಿಪ್ಪು ಹತ್ತಿದ ಕೂಡಲೇ ಗೊತ್ತಾಗತಿತ್ತು. ಒಂದ ಸಲ ನನ್ನ ಬೆರಳಿಗೆ ಏಡಿ ಕಚ್ಚಿತ್ತು.”

ಹೊನ್ನವ್ವ ಜರಡಿ ಕೆಳಗಿಟ್ಟು ಬಾಗಿಲಿಗೆ ಬಂದಳು. “ನಾವು ಅಂದ್ರ ಯಾರು?”

ನೀಲಾ ಅವ್ವನನ್ನು ನೋಡಿದಳು. ಅವಳ ಮುಖದಲ್ಲಿ ಸಿಕ್ಕಿಬಿದ್ದವರ ಹೆದರಿಕೆ ಇರಲಿಲ್ಲ. ಸ್ವಲ್ಪ ಯೋಚಿಸಿ, “ನಾವ,” ಎಂದಳು.

ಮಾಬೂಬಿ ಬೇಲಿಯಾಚೆಯಿಂದ, “ಹೊನ್ನವ್ವಕ್ಕಾ, ಹಡದಾಕಿ ನೀನ, ಆದ್ರ ನಿನ್ನ ಮಗಳು ಹುಟ್ಟಿದ್ದು ತದಡ್ಯಾಗ ನೋಡು,” ಎಂದಳು. ಮಾಬೂಬಿಗೆ ಅದು ಚೇಷ್ಟೆ. ಹೊನ್ನವ್ವ ಅದನ್ನು ವರ್ಷಗಟ್ಟಲೆ ಮರೆಯಲಿಲ್ಲ. ತಾನು ಹೊತ್ತು, ಹಾಲು ಕುಡಿಸಿ, ಮೈತುಂಬ ಗೊಬ್ಬರದ ಗುಳ್ಳೆ ಎದ್ದು ಜ್ವರ ಬಂದಾಗ ಮೂರು ವಾರ ತೊಡೆಯ ಮೇಲಿಟ್ಟುಕೊಂಡು ಕೂತ ಮಗುವಿನ ಬಾಲ್ಯವನ್ನು ಇನ್ನೊಬ್ಬಳು ಒಂದು ಬೊಗಸೆ ಮಾತು ಕೊಟ್ಟು ಕೊಂಡುಕೊಂಡಿದ್ದಳು. ಅದೂ ಕಣ್ಣೆದುರಿಗೆ, ಒಂದೇ ಒಲೆಯ ಮನೆಯಲ್ಲಿ.

ಜಗಳಕ್ಕೆ ದಾರಿಯಿರಲಿಲ್ಲ. ಸರೋಜವ್ವ ಯಾವ ಕೆಲಸಕ್ಕೂ ಹಿಂದೆ ಸರಿಯುವವಳಲ್ಲ, ಎದುರು ಮಾತಾಡುವವಳೂ ಅಲ್ಲ. ಹೊನ್ನವ್ವನಿಗೆ ಉಳಿದದ್ದು ಸಣ್ಣ ಚುಚ್ಚುಮಾತು. ತದಡಿಯ ಮಾತು ಏಳುತ್ತಿದ್ದಂತೆ ಆಕೆ ಮುಖ ತಿರುಗಿಸುವಳು, ಕೊಡವನ್ನು ಕುಕ್ಕಿ ಇಡುವಳು, “ಆತು, ನೀರು ಏರಿತು, ಎಲ್ಲಾರೂ ಕಾಲು ಮ್ಯಾಲ ತಗೋರಿ,” ಎನ್ನುವಳು. ಎಲ್ಲರೂ ನಗುತ್ತಿದ್ದರು. ಸರೋಜವ್ವನೂ ನಗುತ್ತಿದ್ದಳು. ನಕ್ಕು ಮತ್ತೆ ಬಿಟ್ಟಲ್ಲಿಂದ ಶುರುಮಾಡುತ್ತಿದ್ದಳು.

ಎಂಬತ್ತನಾಲ್ಕರಲ್ಲಿ ನೀಲಾಳನ್ನು ಹಾನಗಲ್ಲಿಗೆ ಕೊಟ್ಟರು. ಗಂಡನ ಮನೆಗೆ ಹೊರಟಾಗ ಅವಳು ಮೊದಲು ಅತ್ತದ್ದು ಅವ್ವನನ್ನು ತಬ್ಬಿಕೊಂಡು. ಹೊನ್ನವ್ವ ಅದನ್ನು ಗಮನಿಸಿದ್ದಳು. ಆಮೇಲೆ ಚಿಗವ್ವನನ್ನು ತಬ್ಬಿಕೊಂಡು ಹೆಚ್ಚು ಹೊತ್ತು ಅತ್ತದ್ದನ್ನೂ ಗಮನಿಸಿದ್ದಳು.

ಎರಡು ವರ್ಷಕ್ಕೆ ನೀಲಾ ಬಸುರಿಯಾದಳು. ಚೊಚ್ಚಲ ಬಸುರಿಗೆ ಏಳನೆಯ ತಿಂಗಳಲ್ಲಿ ತವರಿನವರು ಹಸಿರು ಸೀರೆ ಉಡಿಸಿ, ಹಸಿರು ಬಳೆ ಇಡಿಸಿ, ಉಡಿ ತುಂಬುವುದಕ್ಕೆ ಅಲ್ಲಿ ಕುಬಸ ಎನ್ನುತ್ತಾರೆ. ಅದಕ್ಕೆ ಮುಂಚೆ ಅವ್ವ ಮಗಳ ಬಯಕೆ ಕೇಳಬೇಕು. ಬಾಯಿಗೆ ಏನು ಬೇಕೆನಿಸಿದೆಯೋ ಅದನ್ನು ಹಡೆದವಳೇ ತನ್ನ ಕೈಯಿಂದ ಮಾಡಿ ಮೊದಲ ತುತ್ತು ತಿನ್ನಿಸಬೇಕು. ಬಯಕೆ ತೀರದಿದ್ದರೆ ಹುಟ್ಟುವ ಕೂಸಿನ ಕಿವಿ ಸೋರುತ್ತದೆ ಎಂದು ನಂಬಿಕೆ. ಹೊನ್ನವ್ವ ಇದನ್ನು ನಂಬುವವರಲ್ಲಿ ಮೊದಲನೆಯವಳು. ಓಣಿಯಲ್ಲಿ ಯಾವ ಮಗುವಿನ ಕಿವಿಗೆ ಹತ್ತಿ ಇಟ್ಟಿದ್ದು ಕಂಡರೂ ಅದರ ಅಜ್ಜಿಗೆ ಆಕೆ ಮಾತಿನ ಪೆಟ್ಟು ಕೊಡದೆ ಬಿಡುತ್ತಿರಲಿಲ್ಲ.

ಶ್ರಾವಣದಲ್ಲಿ ನೀಲಾ ಬಂದಳು. ಹೊನ್ನವ್ವ ನಾಲ್ಕು ಜನರ ಮುಂದೆಯೇ ಕೇಳಿದಳು. ಎಣ್ಣೆಗಾಯಿಯೋ, ಹುಳಿ ಮಾವಿನ ಚಟ್ನಿಯೋ, ಶೇಂಗಾ ಹೋಳಿಗೆಯೋ ಎಂದು ಆಕೆ ಮನಸ್ಸಿನಲ್ಲೇ ಸಾಮಾನು ಹೊಂದಿಸಿಯಾಗಿತ್ತು.

ನೀಲಾ ನಾಚಿಕೊಂಡು, “ಅರಿಶಿಣದ ಎಲಿಯಾಗ ಬೇಯಿಸಿದ ಕಡಬು,” ಎಂದಳು. “ಬಿಚ್ಚಿದ ಮ್ಯಾಲ ಎಲಿಯ ಗೆರಿ ಕಡಬಿನ ಮ್ಯಾಲ ಮೂಡಿರಬೇಕು.”

ಆ ಮನೆಯಲ್ಲಿ ಯಾರೂ ಅಂಥ ಕಡುಬು ಮಾಡಿರಲಿಲ್ಲ, ಸರೋಜವ್ವನನ್ನು ಬಿಟ್ಟರೆ ಯಾರೂ ತಿಂದಿರಲಿಲ್ಲ. ನೀಲಾ ಕೂಡ ತಿಂದಿರಲಿಲ್ಲ. ತದಡಿಯಲ್ಲಿ ನಾಗರಪಂಚಮಿಗೆ ಮಾಡುತ್ತಿದ್ದುದು ಅದು. ಮಳೆಯಲ್ಲಿ ಶಾಲೆಯಿಂದ ಬರುವಾಗ ಓಣಿಯ ತಿರುವಿನಲ್ಲೇ ಎಲೆಯ ಗಮ ಮೂಗಿಗೆ ಬಡಿಯುತ್ತಿತ್ತು ಎಂದು ಸರೋಜವ್ವ ಹತ್ತಿಯ ಸಾಲುಗಳಲ್ಲಿ ಎಷ್ಟೋ ಸಲ ಹೇಳಿದ್ದಳು.

ಸರೋಜವ್ವನ ಮುಖ ಅರಳಿತು. “ಅಯ್ಯ, ಅದನ್ನ ನೆನಪಿಟ್ಟಿಯೇನ ನೀಲಾ? ನಾ ಮಾಡ್ತೇನಿ ತಗೋ.”

“ಬಯಕಿ ತೀರಸಾಕಿ ನಾನು,” ಎಂದಳು ಹೊನ್ನವ್ವ. “ನೀ ಬಳಿಗಾರನ್ನ ಕರದ್ರ ಸಾಕು.”

ಮಾಡುವ ಬಗೆಯನ್ನು ಯಾರನ್ನೂ ಕೇಳುವ ಅಗತ್ಯ ಆಕೆಗೆ ಬೀಳಲಿಲ್ಲ. ಯೋಚಿಸಲು ಕೂತಾಗ ಒಂದೊಂದೇ ತಾನಾಗಿ ಬಂತು. ಅಕ್ಕಿ ನೆನೆಸಿ ನುಣ್ಣಗೆ ಅರೆಯುವುದು, ಎಲೆಯ ನುಣುಪು ಬದಿಗೆ ತೆಳ್ಳಗೆ ಹಚ್ಚುವುದು, ಕಾಯಿ ಬೆಲ್ಲದ ಹೂರಣ ಉದ್ದಕ್ಕೆ ಇಡುವುದು, ಉದ್ದಕ್ಕೇ ಮಡಚುವುದು, ಅಡ್ಡ ಮಡಚಿದರೆ ಎಲೆ ಸೀಳುತ್ತದೆ. ಮುಖ ಆ ಕಡೆ ತಿರುಗಿಸಿ ಕೂತ ಅಷ್ಟು ವರ್ಷಗಳ ಮಧ್ಯಾಹ್ನಗಳಲ್ಲಿ ಒಂದು ಮಾತೂ ತಪ್ಪಿಹೋಗಿರಲಿಲ್ಲ. ದೋಣಿಯವನ ಹೆಸರು ಕೂಡ ಆಕೆಗೆ ಗೊತ್ತಿತ್ತು. ಇದು ಆಕೆಗೆ ಸಂತೋಷ ತರಲಿಲ್ಲ. ಕಳ್ಳತನದ ಮಾಲು ತನ್ನ ಕಾಳಿನ ಹಗೇವಿನಲ್ಲೇ ಸಿಕ್ಕ ಹಾಗಾಯಿತು.

ಎಲೆಗಾಗಿ ರಟ್ಟೀಹಳ್ಳಿಗೆ ಹೋದಳು. ಅಲ್ಲಿ ಭಾಗೀರಥಿಬಾಯಿ ಎಂಬ ಮಾಸ್ತರರ ಮನೆಯ ಹೆಂಗಸಿಗೆ ಹೊನ್ನವ್ವ ಬೆಣ್ಣೆ ಕೊಡುತ್ತಿದ್ದಳು. ಅವರ ಹಿತ್ತಲಿನಲ್ಲಿ ಹಬ್ಬಕ್ಕೆಂದು ಅರಿಶಿನ ಹಾಕಿದ್ದರು.

“ಕಡಬಿಗೇನು?” ಭಾಗೀರಥಿಬಾಯಿಗೆ ಆಶ್ಚರ್ಯವಾಯಿತು. “ನಿಮ್ಮ ಮಂದ್ಯಾಗ ಮಾಡ್ತಾರೇನ ಇದನ್ನ?”

“ಈಗ ಮಾಡಾಕತ್ತೇವ್ರಿ.”

“ಯಾರು ಕಲಿಸಿದ್ರು?”

“ಯಾರೂ ಇಲ್ಲರಿ.”

“ಕೊಯ್ಕೋ. ಸುಳಿ ಮುಟ್ಟಬ್ಯಾಡ, ಗಡ್ಡಿ ಸಣ್ಣಾಗ್ತದ.”

ಕುಬಸದ ದಿನ ಹೊನ್ನವ್ವ ಸರೋಜವ್ವನನ್ನು ಹೂವು ತರಲು ಊರಿನ ಆಚೆ ತುದಿಗೆ ಕಳಿಸಿ ಒಲೆ ಹಚ್ಚಿದಳು. ಹಬೆ ಏರುತ್ತಿದ್ದಂತೆ ಹಸಿ ಅರಿಶಿನದ ಗಮ ಅಡುಗೆಮನೆ ದಾಟಿ ಪಡಸಾಲೆಗೆ, ಪಡಸಾಲೆ ದಾಟಿ ಓಣಿಗೆ ಹೋಯಿತು. ಹೂವಿನ ಬುಟ್ಟಿ ಹಿಡಿದು ಬಂದ ಸರೋಜವ್ವ ಹೊಸ್ತಿಲಲ್ಲೇ ನಿಂತಳು. ಒಳಗೆ ಬರಲಿಲ್ಲ, ಹೊರಗೂ ಹೋಗಲಿಲ್ಲ. ಅವಳ ಮೂಗಿನ ಹೊಳ್ಳೆ ಅಗಲವಾದದ್ದನ್ನು ಹೊನ್ನವ್ವ ಒಲೆಯ ಮುಂದಿನಿಂದಲೇ ಕಂಡಳು. ಎಷ್ಟೋ ವರ್ಷಗಳ ನಂತರ ಮೊದಲ ಸಲ ಆಕೆಗೆ ಹೊಟ್ಟೆ ತಣ್ಣಗಾಯಿತು.

“ಬಾಗಲದಾಗ ಯಾಕ ನಿಂತಿ? ಬಾ.”

“ಬಂದೆ ಅಕ್ಕಾ,” ಎಂದಳು ಸರೋಜವ್ವ. ಆದರೆ ಸ್ವಲ್ಪ ಹೊತ್ತು ಅಲ್ಲೇ ನಿಂತಿದ್ದಳು.

ನೀಲಾಳನ್ನು ಮಣೆಯ ಮೇಲೆ ಕೂರಿಸಿದರು. ಹಾನಗಲ್ಲಿನಿಂದ ಬೀಗರ ಕಡೆಯ ಹೆಂಗಸರು ಬಂದಿದ್ದರು. ಓಣಿಯವರು ನೆರೆದಿದ್ದರು. ಹೊನ್ನವ್ವ ಎಲೆ ಬಿಚ್ಚಿ, ಗೆರೆ ಮೂಡಿದ್ದನ್ನು ಎಲ್ಲರಿಗೂ ಕಾಣುವಂತೆ ಒಮ್ಮೆ ತಿರುಗಿಸಿ, ಮಗಳ ಬಾಯಿಗೆ ಇಟ್ಟಳು. ನೀಲಾ ನಿಧಾನವಾಗಿ ಅಗಿದಳು.

“ಹೆಂಗಾಗೈತಿ?”

“ಚಲೋ ಆಗೈತಿ ಅವ್ವಾ.” ಬೀಗರ ಮನೆಯ ಊಟಕ್ಕೆ ಹೇಳುವಂಥ ಚಲೋ ಅದು. ಇನ್ನೊಂದು ತುತ್ತು ತಿಂದು, ಅವಳು ಕತ್ತೆತ್ತಿ ಹೆಂಗಸರ ಸಾಲಿನಲ್ಲಿ ಹುಡುಕಿದಳು. “ಚಿಗವ್ವಾ, ನೀ ತಿಂದು ನೋಡು. ಹಿಂಗ ಇರತಿತ್ತೇನು?”

ಹೊನ್ನವ್ವನಿಗೆ ಆಗ ಗೊತ್ತಾಯಿತು. ಅಕ್ಕಿ, ಬೆಲ್ಲ, ಎಲೆ, ಕೈ ಎಲ್ಲ ತನ್ನದು. ಸರಿಯಾಗಿದೆ ಎಂದು ಹೇಳಬಲ್ಲವಳು ಮಾತ್ರ ಇಡೀ ಮನೆಯಲ್ಲಿ ಒಬ್ಬಳೇ. ಸರೋಜವ್ವ ಒಂದು ಕಡುಬು ತೆಗೆದುಕೊಂಡು, ಸಣ್ಣ ಹುಡುಗಿಯ ಹಾಗೆ ಎಲೆಯನ್ನು ಉದ್ದಕ್ಕೆ ಸುಲಿದು, ಕಣ್ಣು ಮುಚ್ಚಿ ತಿಂದಳು. ಎಲ್ಲರೂ ಅವಳ ದವಡೆಯನ್ನೇ ನೋಡುತ್ತಿದ್ದರು.

“ಹಿಟ್ಟಿಗೆ ಉಪ್ಪು ಹಾಕಿಲ್ಲೇನ್ ಅಕ್ಕಾ?”

ಹೊನ್ನವ್ವನ ತವರಿನಲ್ಲಿ ಸಿಹಿಗೆ ಉಪ್ಪು ಬೀಳುವ ಪದ್ಧತಿಯೇ ಇರಲಿಲ್ಲ. ಆಕೆ ಥಟ್ಟನೆ, “ನೀ ಎಂದೂ ಉಪ್ಪಿಂದು ಹೇಳಿದ್ದಿಲ್ಲ,” ಎಂದುಬಿಟ್ಟಳು.

ಮಾತು ಬಾಯಿ ದಾಟಿದ ಮೇಲೆ ಹಿಡಿಯಲು ಬರಲಿಲ್ಲ. ಮೊದಲು ನಕ್ಕವಳು ಮಾಬೂಬಿ. “ಅಂದ್ರ ಇಷ್ಟ ವರ್ಷ ಮಾರಿ ಆ ಕಡೆ ಮಾಡಿ, ಕಿವಿ ಈ ಕಡೆ ಇಟ್ಟಿದ್ದಿ ಅನ್ನು.”

ಬೀಗರೂ ನಕ್ಕರು. ಸರೋಜವ್ವ ನಗಲಿಲ್ಲ. “ಉಪ್ಪಿನಾಗರದಾಗ ಬೆಳದಾಕಿ ಉಪ್ಪು ಹಾಕಬೇಕು ಅಂತ ಬ್ಯಾರೆ ಹೇಳ್ತಾಳೇನ ಅಕ್ಕಾ?” ಎಂದಷ್ಟೇ ಹೇಳಿ, ತಿಂದ ಎಲೆಯನ್ನು ಮಡಚಿ ಕೈಯಲ್ಲಿ ಹಿಡಿದುಕೊಂಡಳು. ತನ್ನ ತದಡಿಯನ್ನು ಇನ್ನೊಬ್ಬಳು ತನ್ನನ್ನು ಕೇಳದೆ ಒಯ್ದಿದ್ದಾಳೆ ಎಂಬುದು ಅವಳಿಗೂ ಆಗಲೇ ತಿಳಿದದ್ದು. ನೀಲಾ ಅರ್ಧ ಕಡುಬನ್ನು ತಾಟಿನಲ್ಲಿ ಬಿಟ್ಟು, ಹೊಟ್ಟೆ ತುಂಬಿತು ಎಂದಳು.

ದೀಪಾವಳಿಗೆ ಮುಂಚೆ ಹೆಣ್ಣುಕೂಸು ಹುಟ್ಟಿತು. ತೂಕ ಚೆನ್ನಾಗಿತ್ತು, ಅಳು ಜೋರಾಗಿತ್ತು. ಹೊನ್ನವ್ವ ನೀರು ಎರೆಯುವಾಗಲೆಲ್ಲ ಮೊದಲು ಕೂಸಿನ ಕಿವಿ ನೋಡುತ್ತಿದ್ದಳು. ಕಾರ್ತಿಕ ಮುಗಿಯುತ್ತ ಬಂದಾಗ ಎಡಗಿವಿಯ ಕೆಳಗಿನ ಅರಿವೆಯಲ್ಲಿ ಹಳದಿ ಕಲೆ ಕಂಡಿತು. ಆಕೆ ಅರಿವೆ ಬದಲಿಸಿದಳು. ಮರುದಿನ ಮತ್ತೆ ಕಲೆ. ಕಲೆಯಾದ ಅರಿವೆಗಳನ್ನು ಸರೋಜವ್ವ ಏಳುವ ಮುಂಚೆ ತಾನೇ ತೊಳೆದು ಕೊಟ್ಟಿಗೆಯ ಹಿಂದೆ ಒಣಹಾಕತೊಡಗಿದಳು.

“ಅಕ್ಕಾ, ಕೂಸಿನ ಕಿವಿ ನೋಡಿದೇನು?” ಎಂದು ಸರೋಜವ್ವ ಕೇಳಿಯೇ ಬಿಟ್ಟಳು.

“ನೋಡೇನಿ. ಹಾಲು ಹರದದ್ದು ಅದು.”

ಉಳವಪ್ಪ ಹಿರೇಕೆರೂರಿನ ಡಾಕ್ಟರರ ಹತ್ತಿರ ಹೋಗಿ ಹನಿಯ ಔಷಧಿ ತಂದ. ಹೊನ್ನವ್ವ ಅದನ್ನು ಹಾಕಿದಳು. ಆದರೆ ಅದರ ಮೇಲೆ ಆಕೆಗೆ ನಂಬಿಕೆಯಿರಲಿಲ್ಲ. ಕಿವಿ ಯಾಕೆ ಸೋರುತ್ತಿದೆ ಎಂದು ಆಕೆಗೆ ಗೊತ್ತಿತ್ತು. ತೀರದ ಬಯಕೆಯನ್ನು ಹನಿ ಹಾಕಿ ತೀರಿಸಲು ಬರುತ್ತದೆಯೇ. ಇನ್ನೆರಡು ದಿನ ಕಾದಳು. ಕೂಸು ಕಿವಿ ಉಜ್ಜಿಕೊಂಡು ಅಳತೊಡಗಿದಾಗ ಎದ್ದು ಹಿತ್ತಲಿಗೆ ಹೋದಳು. ಸರೋಜವ್ವ ಕಲ್ಲಿನ ಮೇಲೆ ಬಟ್ಟೆ ಒಗೆಯುತ್ತಿದ್ದಳು.

“ಸರೋಜವ್ವಾ.”

“ಏನಕ್ಕಾ?”

“ಆ ಕಡಬು ಒಂದ ಸಲ ನೀ ಮಾಡು.”

ಸರೋಜವ್ವ ಒಗೆಯುವುದನ್ನು ನಿಲ್ಲಿಸಲಿಲ್ಲ. “ನನಗೇನ ಬರತೈತಿ ಅಕ್ಕಾ. ನೀ ಎಲ್ಲಾ ಕಲ್ತೀಯಲ್ಲ.”

“ಉಪ್ಪು ಎಷ್ಟಂತ ಗೊತ್ತಿಲ್ಲ.”

“ನಾನೂ ಅಳತಿ ಮಾಡಿ ಹಾಕಾಕಿ ಅಲ್ಲ.” ಒಂದು ಸೀರೆ ಹಿಂಡಿ ಮುಗಿಸಿದ ಮೇಲೆ ಕೇಳಿದಳು. “ಎಲಿ?”

“ನಾ ತರ್ತೇನಿ.”

“ನೀ ಎಲಿ ತಂದ್ರ, ನಾಳೆ ಮಂದಿ ಕಡಬು ಯಾರದು ಅಂತಾರ?”

ಕೂಸಿನ ಅಳು ಒಳಗಿನಿಂದ ಇಲ್ಲಿಯವರೆಗೆ ಕೇಳಿಸುತ್ತಿತ್ತು. “ನಿಂದು ಅಂತಾರ,” ಎಂದಳು ಹೊನ್ನವ್ವ ಕೊನೆಗೆ.

ಭಾಗೀರಥಿಬಾಯಿಯ ಹಿತ್ತಲಲ್ಲಿ ಎಲೆಗಳು ಹಳದಿಗೆ ತಿರುಗಿದ್ದವು. ನಡುವೆ ಹಸಿರು ಉಳಿದವನ್ನು ಆರಿಸಿ ತಂದಾಯಿತು. ಮರುದಿನ ಸರೋಜವ್ವ ಹಿಟ್ಟು ಅರೆದು ಒಲೆಯ ಮುಂದೆ ಕೂತಳು. ಹೊನ್ನವ್ವ ಪಕ್ಕದಲ್ಲಿ ಮಣೆ ಎಳೆದುಕೊಂಡಳು. ಸರೋಜವ್ವ ಉಪ್ಪಿನ ಮರಿಗೆಯ ಮೇಲೆ ಕೈ ಇಟ್ಟು, ತಿರುಗಿ ನೋಡದೆ, “ಅಕ್ಕಾ, ನೀ ಕೂಸಿನ ಹಂತ್ಯಾಕ ಇರು,” ಎಂದಳು. ಹೊನ್ನವ್ವ ಕೂತೇ ಇದ್ದಳು. ಸರೋಜವ್ವನ ಕೈಯೂ ಮರಿಗೆಯ ಮೇಲೆ ಹಾಗೇ ಇತ್ತು. ಹೊನ್ನವ್ವ ಎದ್ದು ಹೋದ ಮೇಲೆಯೇ ಮುಚ್ಚಳ ತೆಗೆದ ಸಪ್ಪಳ ಕೇಳಿತು.

ಬಾಣಂತಿಗೆ ಅದು ತಂಪು ಎಂದು ಯಾರೋ ಅಂದರೂ ನೀಲಾ ತಿಂದಳು. “ಹ್ಞಾಂ, ಇದ ನೋಡು,” ಎಂದಳು. ಹಿಂದೆ ಎಂದೂ ತಿಂದಿರದ ಹುಡುಗಿ ಅಷ್ಟು ಖಾತ್ರಿಯಿಂದ ಹೇಗೆ ಹೇಳಿದಳು ಎಂದು ಕೇಳುವ ಮನಸ್ಸು ಹೊನ್ನವ್ವನಿಗಿತ್ತು.

ಕೆಲವೇ ದಿನಗಳಲ್ಲಿ ಕಿವಿ ಒಣಗಿತು. ಕಡುಬಿನಿಂದ ಎಂದು ಓಣಿಯಲ್ಲಿ ಮಾತಾಯಿತು. ಸರೋಜವ್ವ ಅದನ್ನು ಹೌದೆನ್ನಲಿಲ್ಲ, ಅಲ್ಲವೆನ್ನಲೂ ಇಲ್ಲ. ಅಲ್ಲವೆಂದವಳು ಹೊನ್ನವ್ವ ಒಬ್ಬಳೇ. ಅಲ್ಲಿಯವರೆಗೆ ಡಾಕ್ಟರರ ಔಷಧಿಯನ್ನು ಬಣ್ಣದ ನೀರು ಎನ್ನುತ್ತಿದ್ದವಳು ಆ ಹನಿಯ ಗುಣಗಾನ ಶುರುಮಾಡಿದಳು. ಬಯಕೆ, ಕಿವಿ ಎಂದು ಯಾರಾದರೂ ಬಾಯಿ ತೆರೆದರೆ, “ಅವೆಲ್ಲಾ ಹಳೇ ಮಂದಿ ಮಾತವ್ವಾ, ಕಾಲ ಬದಲಾಗೈತಿ,” ಎನ್ನುತ್ತಿದ್ದಳು. ಮೂರು ವರ್ಷವಾದರೂ ಖಾಲಿ ಸೀಸೆ ಗೋಡೆಯ ಗೂಡಿನಲ್ಲಿತ್ತು. ಮಾತು ಬಂದರೆ ಆಕೆ ಅದನ್ನು ತೆಗೆದು ತೋರಿಸುವಳು. ಸರೋಜವ್ವ ಎಲ್ಲಾದರೂ ಕಾಣುವಷ್ಟು ಹತ್ತಿರವಿದ್ದರೆ, ತುಸು ಎತ್ತಿ ಹಿಡಿಯುವಳು.